ಮ್ಯೂನಿಕ್‌ನಲ್ಲಿ ಮನೆ ಸಿಕ್ಕಿತು, ಅಡುಗೆಮನೆ ಸಿಗಲಿಲ್ಲ

2023ರ ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆಂದು ಮ್ಯೂನಿಕ್‌ಗೆ ಬಂದಾಗ ಬಾಡಿಗೆಗೆ ತಿಂಗಳಿಗೆ 1,100 ಯೂರೊ ಸಾಕು ಅಂದುಕೊಂಡಿದ್ದೆ. ಜಾಹೀರಾತುಗಳಲ್ಲಿ ಅಷ್ಟೇ ಇತ್ತಲ್ಲ! ಅದು ‘ಕಾಲ್ಟ್‌ಮೀಟೆ’, ಅಂದರೆ ತಣ್ಣನೆ ಬಾಡಿಗೆ ಅಂತ ಆಮೇಲೆ ತಿಳಿಯಿತು. ಹೀಟಿಂಗ್, ನೀರು, ಕಸ, ಮೆಟ್ಟಿಲು ಒರೆಸುವ ಖರ್ಚು ಸೇರಿದರೆ ‘ವಾರ್ಮ್‌ಮೀಟೆ’. ನನಗೆ ಅದು 1,320 ಬಿತ್ತು. ಕರೆಂಟು, ಇಂಟರ್ನೆಟ್ ಬೇರೆ. ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಬೇರೆ. ನನ್ನ ಹತ್ತಿರ ಇವತ್ತಿಗೂ ಟಿವಿ ಇಲ್ಲ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಮೊದಲ ಎರಡು ತಿಂಗಳಿಗೆ ಹಿಡಿದ ರೂಮಿನ ಓನರ್ ಹತ್ತಿರ, ವಿಳಾಸ ನೋಂದಣಿಗೆ ಪತ್ರ ಕೊಡ್ತೀರಾ ಅಂತ ಮೊದಲೇ ಕೇಳಿದ್ದೆ. ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಆಗಬೇಕು. ಅದಾದ ಮೇಲೆಯೇ ತೆರಿಗೆ ನಂಬರ್ ಅಂಚೆಯಲ್ಲಿ ಬರುವುದು. ಅದಿಲ್ಲದಿದ್ದರೆ ಸಂಬಳದಲ್ಲಿ ಜಾಸ್ತಿ ತೆರಿಗೆ ಹಿಡಿಯುತ್ತಾರೆ. ಅಂಚೆ ಡಬ್ಬಿಯ ಮೇಲೆ ನಮ್ಮ ಹೆಸರೂ ಇರಬೇಕು, ಇಲ್ಲವಾದರೆ ಕಾಗದ ವಾಪಸ್!

ಆಮೇಲೆ ಸ್ವಂತಕ್ಕೆ ಮನೆ ಹುಡುಕಾಟ. ಅರವತ್ತು ಸಂದೇಶ ಕಳಿಸಿದೆ, ಐದು ಮನೆ ನೋಡಲು ಕರೆ ಬಂತು. ಒಂದು ಕಡೆ ಮೆಟ್ಟಿಲ ಮೇಲೆ ಮೂವತ್ತು ಜನರ ಸಾಲು. ಇಂಗ್ಲಿಷ್ ಬಿಟ್ಟು ಜರ್ಮನ್‌ನಲ್ಲಿ ಬರೆಯಲು ಶುರು ಮಾಡಿದ ಮೇಲೆಯೇ ಉತ್ತರ ಬರತೊಡಗಿದವು. ‘ನಾನು ಲಂಡನ್‌ನಲ್ಲಿದ್ದೇನೆ, ಡಿಪಾಸಿಟ್ ಕಳಿಸಿ, ಕೀಲಿ ಅಂಚೆಯಲ್ಲಿ ಬರುತ್ತೆ’ ಅಂದವನೂ ಒಬ್ಬ ಸಿಕ್ಕಿದ. ಬಾಡಿಗೆ ಅರ್ಧಕ್ಕರ್ಧ ಕಡಿಮೆ ಇತ್ತು, ಅದಕ್ಕೇ ಅನುಮಾನ ಬಂತು.

ಡಿಪಾಸಿಟ್ ಕೇಳಿ ನಗು ಬಂತು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವನು ನಾನು. ಇಲ್ಲಿ ಕಾನೂನಿನ ಪ್ರಕಾರ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಗೊತ್ತಿಲ್ಲದೆ 3,300 ಯೂರೊ ಒಂದೇ ಸಲ ಕಟ್ಟಿ ಕೈ ಖಾಲಿ ಮಾಡಿಕೊಂಡೆ.

ಕೀಲಿ ಸಿಕ್ಕ ದಿನ ಬಾಗಿಲು ತೆಗೆದರೆ ಅಡುಗೆಮನೆಯ ಗೋಡೆಯಿಂದ ಎರಡು ಪೈಪು ಇಣುಕುತ್ತಿದ್ದವು. ಒಲೆ ಇಲ್ಲ, ಸಿಂಕ್ ಇಲ್ಲ. ಬಲ್ಬ್ ಇರಬೇಕಾದ ಕಡೆ ಬರೀ ವೈರು. ಇಲ್ಲಿ ಎಷ್ಟೋ ಜನ ಮನೆ ಬಿಡುವಾಗ ಅಡುಗೆಮನೆಯನ್ನೂ ಕಳಚಿಕೊಂಡು ಹೋಗುತ್ತಾರೆ! ಹಿಂದಿನ ಬಾಡಿಗೆದಾರ ‘900 ಯೂರೊ ಕೊಡಿ, ಬಿಟ್ಟು ಹೋಗ್ತೀನಿ’ ಅಂದಿದ್ದ. ಟೋಪಿ ಹಾಕ್ತಿದ್ದಾನೆ ಅಂತ ಬೇಡ ಅಂದಿದ್ದೆ. ಹೊಸದಕ್ಕೆ 2,400 ಆಯಿತು, ಬರಲು ಆರು ವಾರ. ಅಲ್ಲಿವರೆಗೆ ರೈಸ್ ಕುಕ್ಕರ್ ಅನ್ನ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಪಾತ್ರೆ ತೊಳೆಯಲು ಬಚ್ಚಲುಮನೆ.

ಬರುವ ವರ್ಷ ಈ ಮನೆ ಬಿಡುತ್ತಿದ್ದೇನೆ. ಮುಂದೆ ಬರುವವರಿಗೆ ನಾನೂ 900 ಅಂತಲೇ ಹೇಳುವವನಿದ್ದೇನೆ. ನಂಬುತ್ತಾರೋ ಇಲ್ಲವೋ!