ನಿಮ್ಮ ಆಮೆ ಗಂಡೋ ಹೆಣ್ಣೋ? ಸ್ಕೇಲ್ ಹಿಡಿದು ನೋಡಿ

ಮುಂಬಯಿಯ ಪೆಟ್ ಅಂಗಡಿಗಳಲ್ಲಿ ಅಂಗೈ ಮೇಲೆ ಎರಡು ಆಮೆಮರಿ ಇಟ್ಟು "ಜೋಡಿ ಹೈ, ಲೇ ಜಾಓ" ಎಂದರೆ ನಂಬಬೇಡಿ. ಅಷ್ಟು ಚಿಕ್ಕ ಮರಿಯನ್ನು ಹೊರಗಿನಿಂದ ನೋಡಿ ಯಾರೂ ಲಿಂಗ ಹೇಳಲಾರರು.

ನಮ್ಮ ಫ್ಲ್ಯಾಟುಗಳಲ್ಲಿ ಹೆಚ್ಚಾಗಿ ಕಾಣುವುದು ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ರೆಡ್ ಇಯರ್ಡ್ ಸ್ಲೈಡರ್. ಇಲ್ಲಿ ಹೇಳಿದ್ದೆಲ್ಲ ಅದರ ಬಗ್ಗೆಯೇ. ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದರ ಮಾತೇ ಬೇಡ.

ಮೊದಲು ಹೊಟ್ಟೆಯ ಕಡೆಯ ಚಿಪ್ಪನ್ನು ಅಳೆಯಿರಿ. ಸುಮಾರು 10 ಸೆಂ.ಮೀ. ಆಗುವ ಹೊತ್ತಿಗೆ ಗಂಡಿನ ಗುರುತುಗಳು ಕಾಣತೊಡಗುತ್ತವೆ. ಅದಕ್ಕಿಂತ ಚಿಕ್ಕದಿದ್ದರೆ ಕಾಯುವುದೊಂದೇ ದಾರಿ.

ಆಮೇಲೆ ಬಾಲ. ನನ್ನ ಮಟ್ಟಿಗೆ ಇದೇ ನಂಬಿಕಸ್ಥ ಗುರುತು. ಗಂಡಿನ ಬಾಲ ಉದ್ದ, ಬುಡದಲ್ಲಿ ದಪ್ಪ. ಮಲದ್ವಾರ ಮೇಲ್ಚಿಪ್ಪಿನ ಅಂಚು ದಾಟಿ ಹೊರಗಿರುತ್ತದೆ. ಹೆಣ್ಣಿನ ಬಾಲ ಮೋಟು, ದ್ವಾರ ಚಿಪ್ಪಿನ ಅಂಚಿನೊಳಗೆ ಅಥವಾ ಅಂಚಿಗೆ ಸರಿಯಾಗಿ. ಕೈಗೆತ್ತಿಕೊಂಡರೆ ಬಾಲ ಮಡಚಿಕೊಳ್ಳುತ್ತದೆ, ಎಳೆಯಬೇಡಿ. ಈಜುವಾಗ ಗಾಜಿನಾಚೆಯಿಂದ ನೋಡುವುದೇ ಸಲೀಸು. ಮುಟ್ಟಿದ್ದರೆ ಸೋಪು ಹಚ್ಚಿ ಕೈ ತೊಳೆಯಿರಿ. ಆಮೆಯಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಟಬಹುದು.

ಮುಂಗಾಲಿನ ಉಗುರನ್ನು ಅದೇ ಆಮೆಯ ಹಿಂಗಾಲಿನ ಉಗುರಿನ ಜತೆ ಹೋಲಿಸಿ. ಮುಂದಿನವು ಎದ್ದು ಕಾಣುವಷ್ಟು ಉದ್ದವಿದ್ದರೆ ಗಂಡು. ಹೆಣ್ಣಿನ ಮುಖದೆದುರು ಅವನ್ನು ಪಟಪಟನೆ ಅಲುಗಿಸಿ ಓಲೈಸುವುದು ಅದರ ಪದ್ಧತಿ. ಆದರೆ ಮರಿಗಳೂ ಹಾಗೆ ಆಡುವುದುಂಟು, ಬರೀ ಅದನ್ನು ನೋಡಿ ತೀರ್ಮಾನಿಸಬೇಡಿ.

ಗಾತ್ರ ಕೊನೆಗೆ. ಬೆಳೆದ ಹೆಣ್ಣು ಗಂಡಿಗಿಂತ ದೊಡ್ಡದು, 25 ಸೆಂ.ಮೀ. ದಾಟಬಲ್ಲದು. ತೊಟ್ಟಿ ಸಾಲದಾದಾಗ ಕೆಲವರು ಪೊವಾಯಿ ಕೆರೆಯ ದಾರಿ ಹಿಡಿಯುವ ಯೋಚನೆ ಮಾಡುತ್ತಾರೆ. ಖಂಡಿತ ಬೇಡ. ಇದು ಅಮೆರಿಕದ ಆಮೆ. ನಮ್ಮ ಕೆರೆಯ ಆಮೆಗಳ ಆಹಾರ, ಜಾಗ ಎರಡಕ್ಕೂ ಕುತ್ತು.

ಹೆಣ್ಣೆಂದು ಖಾತ್ರಿಯಾದರೆ ಕೆಲಸವೊಂದು ಬಾಕಿ. ಗಂಡಿಲ್ಲದೆಯೂ ಅದು ಮೊಟ್ಟೆಯಿಡುತ್ತದೆ, ಮರಿ ಬಾರದಷ್ಟೇ. ತೋಡಲು ತೇವದ ಮಣ್ಣು–ಮರಳು ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಉಳಿದು ಜೀವಕ್ಕೆ ಅಪಾಯ. ಒಂದು ಅಗಲದ ಟಬ್‌ನಲ್ಲಿ ಈ ಮಣ್ಣು–ಮರಳನ್ನು ತುಂಬಿ ಬಾಲ್ಕನಿಯ ಮೂಲೆಯಲ್ಲಿಡಿ. ಆಮೆ ಊಟ ಬಿಟ್ಟು, ಹಿಂಗಾಲಿನಿಂದ ಕೆರೆಯುತ್ತ ಅತ್ತಿತ್ತ ತಿರುಗುತ್ತಿದ್ದರೆ ಅಲ್ಲಿಗೆ ಬಿಡಿ. ಆದರೂ ಮೊಟ್ಟೆಯಿಡದೆ ಮಂಕಾದರೆ, ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿ ಎಕ್ಸ್‌ರೇ ತೆಗೆಸಿ.