ಹಳೇ ಸೀರೆ ಉಟ್ಕೊಂಡು ಪೇಟೆಗೆ ಹೋಗೋರಿಗೆ

ಹಳೇ ಸೀರೆನ ಟ್ರಂಕಿಂದ ತೆಗೆದ ದಿನಾನೇ ಉಟ್ಕೊಂಡು ಹೊರಡಬೇಡಿ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಈಗ ನಮ್ಮ ಹಾಸನದಲ್ಲೂ ಕಾಲೇಜು ಹುಡುಗೀರು, ಆಫೀಸಿಗೆ ಹೋಗೋ ಹೆಣ್ಮಕ್ಕಳು ಅಜ್ಜಿ ಸೀರೆ, ಅಮ್ಮನ ರವಿಕೆ, ತಾತನ ಕೋಟು ಅಂತ ವಿಂಟೇಜ್ ಬಟ್ಟೆ ಹಾಕ್ಕೊಂಡು ಓಡಾಡೋಕೆ ಶುರು ಮಾಡಿದಾರೆ, ನೋಡೋಕೆ ಖುಷಿನೇ, ಆದ್ರೆ ಬಟ್ಟೆಯ ಶಕ್ತಿ ಎಷ್ಟಿದೆ ಅಂತ ನೋಡದೇನೇ ಸುತ್ಕೊಂಡು ಹೋಗಿ ಬಸ್ಸಲ್ಲಿ ಕೂತು ಏಳೋ ಹೊತ್ತಿಗೆ ಹಿಂದ್ಗಡೆ ಪರ್ರ್ ಅಂತ ಹರ್ಕೊಂಡು, ಆಮೇಲೆ ಬ್ಯಾಗ್ ಅಡ್ಡ ಇಟ್ಕೊಂಡು ಮನೆಗೆ ಬರ್ತಾರೆ. ನೋಡೋರು ಏನಂತಾರೋ ಅಂತ ಯೋಚನೆ ಮಾಡೋದು ಆಮೇಲೆ, ಮೊದ್ಲು ಬಟ್ಟೆ ಏನನ್ನುತ್ತೆ ಕೇಳಿ.

ಸೀರೆ ಪೂರ್ತಿ ಬಿಚ್ಚಿ ಕಿಟಕಿ ಎದುರು ಬೆಳಕಿಗೆ ಹಿಡೀರಿ. ಮಡಿಕೆ ಗೆರೆ ಉದ್ದಕ್ಕೂ ಸಣ್ಣ ಸಣ್ಣ ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿ ಬರ್ತಿದ್ರೆ ಅಲ್ಲಿ ನೂಲು ಸೋತಿದೆ ಅಂತ ಲೆಕ್ಕ. ವರ್ಷಗಟ್ಟಲೆ ಒಂದೇ ಮಡಿಕೆಲಿ ಇಟ್ಟ ರೇಷ್ಮೆ ಹೆಚ್ಚಾಗಿ ಆ ಗೆರೆ ಮೇಲೇ ಸೀಳೋದು. ಆಮೇಲೆ ಎರಡೂ ಕೈ ಹೆಬ್ಬೆರಳು ತೋರುಬೆರಳಲ್ಲಿ ಒಂದಿಂಚು ಬಟ್ಟೆ ಹಿಡಿದು ಮೆಲ್ಲಗೆ ಎಳೆದು ನೋಡಿ, ಸೊಂಟಕ್ಕೆ ಸಿಕ್ಕಿಸೋ ಜಾಗ, ಸೆರಗು ಭುಜದ ಮೇಲೆ ಕೂರೋ ಜಾಗ, ಕಾಲ ಹತ್ರ ಅಂಚು, ಈ ಮೂರು ಕಡೆ ನೋಡಿದ್ರೆ ಸಾಕು. ನೂಲು ಸರಿದು ಜಾಳಾದ್ರೆ ಆ ಸೀರೆ ಉಡೋಕಲ್ಲ. ಒಡಲು ಹೋಗಿ ಅಂಚು ಸೆರಗು ಗಟ್ಟಿ ಇದ್ರೆ ಬಿಚ್ಚಿಸಿ ಬೇರೆ ಸೀರೆಗೆ ಹಾಕಿಸ್ಕೊಳ್ಳಿ, ಒಂದೆರಡು ಕಡೆ ಮಾತ್ರ ಸಣ್ಣ ತೂತಿದ್ರೆ ರಫು ಹಾಕೋರ ಹತ್ರ ಕೊಡಿ. ರಫು ಹಾಕೋರು ಈಗ ಕಮ್ಮಿ ಆಗಿದಾರೆ, ಆದ್ರೂ ಹಳೇ ಟೈಲರ್ ಒಬ್ಬರನ್ನ ಕೇಳಿದ್ರೆ ಯಾರ ಹತ್ರ ಹೋಗ್ಬೇಕು ಅಂತ ಹೇಳ್ತಾರೆ.

ಇನ್ನು ವಾಸನೆ. ಜನ ಹಳೇ ಬಟ್ಟೆ ನೋಡಿ ಮೂಗು ಮುರಿಯೋದು ಬಣ್ಣ ಮಾಸಿದ್ದಕ್ಕಲ್ಲ, ಆ ಮುಗ್ಗಲು ವಾಸನೆಗೆ. ಹಾಸನ ಪೇಟೆಲಿ ಪರವಾಗಿಲ್ಲ, ಸಕಲೇಶಪುರ ಮೂಡಿಗೆರೆ ಕಡೆಯೋರಿಗೆ ಇದರ ಕಷ್ಟ ಗೊತ್ತು, ಆರಿದ್ರಾ ಮಳೆ ಹಿಡೀತು ಅಂದ್ರೆ ಆಶ್ಲೇಷ ಮುಗಿಯೋವರೆಗೆ ಬೀರು ಒಳಗೇ ಬೂಷ್ಟು, ಒಗೆದ ಬಟ್ಟೆನ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಒಣಗಿದ್ರೂ ಹೊಗೆ ವಾಸನೆ. ಬೂಷ್ಟು ಹಿಡಿದ ಸೀರೆನ ಮನೆ ಒಳಗೆ ಕೊಡವಬೇಡಿ, ಅದೆಲ್ಲ ಹಾರಿ ಬೇರೆ ಬಟ್ಟೆ ಮೇಲೂ ಕೂರುತ್ತೆ, ನಿಮ್ಮ ಮೂಗಿಗೂ ಹೋಗುತ್ತೆ. ಹೊರಗೆ ತಗೊಂಡು ಹೋಗಿ ಮೆತ್ತನೆ ಬ್ರಶ್ಶಲ್ಲಿ ಒಣಗಿದ್ದಾಗ್ಲೇ ಉಜ್ಜಿ ತೆಗೀರಿ, ಒದ್ದೆ ಬಟ್ಟೆಲಿ ಒರೆಸಿದ್ರೆ ಇನ್ನೂ ಒಳಗೆ ಹೋಗುತ್ತೆ. ಆಮೇಲೆ ಜಗಲಿಲಿ ಅಥವಾ ವರಾಂಡದಲ್ಲಿ ನೆರಳಿಗೆ ಗಾಳಿ ಆಡೋ ಹಾಗೆ ಎರಡು ಮೂರು ದಿನ ಹರವಿ. ಹತ್ತಿ ಆದ್ರೆ ಬಿಸಿಲಿಗೆ ಹಾಕಿ, ರೇಷ್ಮೆ ಮಾತ್ರ ಸುಡು ಬಿಸಿಲಿಗೆ ಬೇಡ, ಬಣ್ಣನೂ ಹೋಗುತ್ತೆ ನೂಲೂ ಸೋಲುತ್ತೆ. ಕೆಲವರು ಕಾಫಿಪುಡಿ ಗಂಟು ಕಟ್ಟಿ ಬೀರುಲಿಡ್ತಾರೆ, ನಮ್ಮ ಕಡೆ ಕಾಫಿಗೆ ಬರ ಇಲ್ವಲ್ಲ, ಆದ್ರೆ ನಂಗೆ ಅದು ಹಿಡಿಸಲ್ಲ, ಮಳೆಗಾಲದಲ್ಲಿ ಅದೇ ತೇವ ಕುಡಿದು ಗಟ್ಟಿಯಾಗಿ ಬೂಷ್ಟು ಹಿಡಿಯುತ್ತೆ. ಅದರ ಬದ್ಲು ಇದ್ದಿಲು ನಾಲ್ಕು ಚೂರು ಬಟ್ಟೇಲಿ ಸುತ್ತಿ ಮೂಲೇಲಿ ಇಡಿ, ಜೊತೆಗೆ ಲಾವಂಚದ ಬೇರು.

ಒಗೆಯೋದರಲ್ಲಿ ಒಂದೊಂದಕ್ಕೆ ಒಂದೊಂದು ದಾರಿ. ಮೈಸೂರು ಸಿಲ್ಕ್ ಕ್ರೇಪ್ ಇದೆಯಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಫ್ಯಾಕ್ಟರಿ ಸೀರೆ, ಅದರ ನೂಲು ಹುರಿ ಹಾಕಿದ್ದು, ನೀರಿಗೆ ಬಿದ್ರೆ ಮುದುರಿ ಅಗಲ ಕಮ್ಮಿಯಾಗುತ್ತೆ, ಡ್ರೈಕ್ಲೀನ್ ಬಿಟ್ಟು ಬೇರೆ ದಾರಿ ಇಲ್ಲ. ಅದನ್ನೂ ಕೊಡೋ ಮುಂಚೆ ಜರಿ ಅಸಲಿ ಅಂತ ಬಾಯಿ ಬಿಟ್ಟು ಹೇಳಿ ಚೀಟೀಲಿ ಬರೆಸ್ಕೊಳ್ಳಿ, ನಮ್ಮತ್ತೆಯ ಒಂದು ಸೀರೆ ಅಂಗಡಿಯಿಂದ ವಾಪಸ್ ಬರೋ ಹೊತ್ತಿಗೆ ಅಂಚು ಹಿತ್ತಾಳೆ ಬಣ್ಣಕ್ಕೆ ತಿರುಗಿತ್ತು, ಕೇಳಿದ್ರೆ ಮೊದ್ಲೇ ಹಂಗಿತ್ತು ಅಂದ್ರು, ಏನ್ ಮಾಡ್ತೀರಾ. ಇಳಕಲ್ ಸೀರೆಗೆ ಸಾಮಾನ್ಯವಾಗಿ ಒಡಲು ಹತ್ತಿ ಸೆರಗು ರೇಷ್ಮೆ, ಸೆರಗಿನ ಕೆಂಪು ಒಡಲಿಗೆ ಇಳಿಯೋ ಭಯ ಇರುತ್ತೆ, ಹಾಗಾಗಿ ಒಂದು ಬಿಳೀ ಕರ್ಚೀಫ್ ಒದ್ದೆ ಮಾಡಿ ಸೆರಗಿನ ಮೂಲೆ ಮೇಲೆ ಒತ್ತಿ ನೋಡಿ, ಬಣ್ಣ ಅಂಟಿದ್ರೆ ನೀರಿಗೆ ಹಾಕ್ಲೇಬೇಡಿ. ಬರೀ ಹತ್ತಿ ಸೀರೆಗೆ ಅಂಟುವಾಳಕಾಯಿ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಿ, ಪೂರ್ತಿ ಆರಿದ ನೀರಲ್ಲಿ ಅದ್ದಿ ತೆಗೆದ್ರೆ ಸಾಕು, ಹಿಂಡಬೇಡಿ, ಕಲ್ಲಿಗೆ ಬಡಿಯೋದಂತೂ ದೂರದ ಮಾತು. ಅರಿಶಿನದ ಕಲೆಗೆ ಸೋಪು ತಾಗಿದ್ರೆ ಕೆಂಪಾಗುತ್ತೆ, ಗಾಬರಿ ಬೇಡ, ಹತ್ತಿ ಬಟ್ಟೆ ಆದ್ರೆ ಬಿಸಿಲಿಗೆ ಹಾಕಿ ತಾನೇ ಹೋಗುತ್ತೆ. ಟ್ರಂಕಿನ ತುಕ್ಕು ತಾಗಿದ್ರೆ ನಿಂಬೆಹಣ್ಣು ಉಪ್ಪು, ಅದೂ ಬಿಳೀ ಹತ್ತಿಗೆ ಮಾತ್ರ.

ಹಳೇ ಫಾಲ್ಸ್ ಬಿಚ್ಚಿ ಬಿಸಾಕಿ. ಅದು ಕುಗ್ಗಿರುತ್ತೆ, ಅದಕ್ಕೇ ಸೀರೆ ಕೆಳಗೆ ಸುಕ್ಕು ಸುಕ್ಕಾಗಿ ಎತ್ಕೊಂಡಿರೋದು. ಹೊಸ ಫಾಲ್ಸ್ ನೀರಲ್ಲಿ ನೆನೆಸಿ ಒಣಗಿಸಿ ಆಮೇಲೆ ಕೈಹೊಲಿಗೆ ಹಾಕಿ. ರವಿಕೆ ವಿಷಯಕ್ಕೆ ಬಂದ್ರೆ ಹಳೇ ಕಾಲದ ಟೈಲರ್‌ಗಳು ಪಕ್ಕದಲ್ಲಿ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿರ್ತಿದ್ರು, ಬಿಚ್ಚಿ ನೋಡಿ, ಎರಡಿಂಚು ಸಿಕ್ಕಿದ್ರೆ ಅಮ್ಮನ ಪಫ್ ತೋಳಿನ ರವಿಕೆ ನಿಮಗೇ ಆಗುತ್ತೆ. ಸಿಗದಿದ್ರೆ ಸೀರೆಯಿಂದ ಬಟ್ಟೆ ಕತ್ತರಿಸಬೇಡಿ, ಹತ್ತಿದು ಒಂದು ಸಾದಾ ರವಿಕೆ ಹೊಲಿಸಿ, ಒಳಗೆ ಲೈನಿಂಗ್ ಇರ್ಲಿ, ಬೆವರು ರೇಷ್ಮೆಗೆ ತಾಗೋಲ್ಲ. ಹದಿನೆಂಟು ಮೊಳದ ಸೀರೆ ಸಿಕ್ತು ಅಂತ ಕೆಲವರು ಟೈಲರ್ ಹತ್ರ ಹೋಗಿ ಮೂರು ಗಜ ಕಡಿಸಿ ದುಪಟ್ಟಾ ಮಾಡಿಸ್ತಾರೆ, ನಂಗೆ ಹೊಟ್ಟೆ ಉರಿಯುತ್ತೆ. ಅದನ್ನ ಲಂಗ ಇಲ್ದೇನೇ ಉಡೋದು, ಕಚ್ಚೆ ಹಾಕಿ ಉಟ್ರೆ ಸ್ಕೂಟರ್ ಹತ್ತೋಕೂ ಸುಲಭ, ಮನೇಲಿ ಗೊತ್ತಿರೋರು ಒಬ್ಬರಾದ್ರೂ ಇರ್ತಾರೆ, ಒಂದು ಮಧ್ಯಾಹ್ನ ಕೂತು ಕಲಿತ್ಕೊಳ್ಳಿ. ಪಿನ್ನು ಚುಚ್ಚೋವಾಗ ಕೆಳಗೊಂದು ಸಣ್ಣ ಬಟ್ಟೆ ಚೂರು ಇಟ್ಟು ಚುಚ್ಚಿ, ಮನೆಗೆ ಬಂದ ತಕ್ಷಣ ತೆಗೀರಿ. ಸೆಂಟು ಗಿಂಟು ಹೊಡ್ಕೊಳ್ಳೋದಿದ್ರೆ ಸೀರೆ ಉಡೋ ಮುಂಚೆ.

ಈಗ ಜನರ ಮಾತು.

ಮೊದಲ್ನೇದು, "ಏನ್ರೀ ಇವತ್ತು ಮನೇಲಿ ಫಂಕ್ಷನ್ನಾ?" ಇದು ಬಂದೇ ಬರುತ್ತೆ. ಇದಕ್ಕೆ ಉದ್ದ ಉತ್ತರ ಕೊಡೋಕೆ ಹೋಗಿ ಪರಿಸರ, ಉಳಿತಾಯ, ಕೈಮಗ್ಗ ಅಂತ ಭಾಷಣ ಶುರು ಮಾಡ್ಬೇಡಿ, "ಇಲ್ಲಪ್ಪ, ಹಂಗೇ ಉಟ್ಕೊಂಡೆ" ಅಂದ್ರೆ ಮುಗೀತು. ಒಂದೇ ಒಂದು ಹಳೇದು ಹಾಕ್ಕೊಳ್ಳಿ, ಮಿಕ್ಕಿದ್ದೆಲ್ಲ ದಿನಾ ಹಾಕೋದೇ ಇರ್ಲಿ, ಅದೇ ಚಪ್ಪಲಿ, ಅದೇ ಬ್ಯಾಗು, ಅದೇ ಜಡೆ. ಸೀರೆನೂ ಹಳೇದು, ಓಲೆನೂ ಹಳೇದು, ತುರುಬು, ಕುಪ್ಪಸ, ಕೈತುಂಬ ಬಳೆ ಅಂತ ಪೂರ್ತಿ ಮಾಡ್ಕೊಂಡು ಹೋದ್ರೆ ಜನ ನಾಟಕಕ್ಕೆ ಹೊರಟಿದೀಯ ಅಂತ ಕೇಳ್ದೆ ಇನ್ನೇನ್ ಕೇಳ್ತಾರೆ. ಬೇಲೂರು ಹಳೇಬೀಡಲ್ಲಿ ಫೋಟೋ ತೆಗೆಸ್ಕೊಳ್ಳೋಕೆ ಬರೋರು ಹಂಗೆ ಬರ್ತಾರೆ, ಅದು ಬೇರೆ ವಿಷಯ, ನಾನು ಹೇಳ್ತಿರೋದು ತರಕಾರಿ ತರೋಕೆ, ಬ್ಯಾಂಕಿಗೆ, ಕೆಲಸಕ್ಕೆ ಹೋಗೋದು. ವಾರಕ್ಕೊಂದು ಸಲ ಉಡ್ತಾ ಬನ್ನಿ, ಎರಡು ತಿಂಗಳಿಗೆ ಯಾರೂ ಕೇಳಲ್ಲ, ಉಡದೇ ಹೋದ ದಿನ ಕೇಳ್ತಾರೆ.

ಎರಡ್ನೇದು ಸ್ವಲ್ಪ ನೋಯಿಸೋದು, "ಯಾಕಮ್ಮ, ಹೊಸದು ತಗೊಳ್ಳೋಕೆ ಆಗ್ಲಿಲ್ವಾ?" ಅಂತ. ಇದನ್ನ ಹೆಚ್ಚಾಗಿ ಹೇಳೋದು ನಮ್ಮ ವಯಸ್ಸಿನೋರೇ, ಯಾಕಂದ್ರೆ ನಾವು ಚಿಕ್ಕೋರಿದ್ದಾಗ ಅಕ್ಕನ ಲಂಗ, ಅತ್ತಿಗೆ ಸೀರೆ ಉಟ್ಟಿದ್ದು ಬೇರೆ ದಾರಿ ಇಲ್ದೆ, ಇಷ್ಟಪಟ್ಟಲ್ಲ. ನೈಲೆಕ್ಸ್, ಟೆರಿಕಾಟ್ ಬಂದಾಗ ನಾವೆಲ್ಲ ಹತ್ತಿ ಬಿಟ್ಟು ಅದರ ಹಿಂದೆ ಓಡಿದ್ದು, ಗಂಜಿ ಹಾಕಂಗಿಲ್ಲ ಇಸ್ತ್ರಿ ಬೇಡ ಅಂತ. ಹಾಗಾಗಿ ಅವರ ಮೇಲೆ ಕೋಪ ಮಾಡ್ಕೋಬೇಡಿ. ಅವರನ್ನ ಸುಮ್ಮನಾಗಿಸೋದು ಇಸ್ತ್ರಿ. ಗರಿಗರಿಯಾಗಿ ಇಸ್ತ್ರಿ ಮಾಡಿದ, ನೆರಿಗೆ ಸಮ ಕೂತ ಹಳೇ ಹತ್ತಿ ಸೀರೆ ನೋಡಿ ಯಾರೂ ಪಾಪ ಅನ್ನಲ್ಲ, ಅದೇ ಸೀರೆ ಮುದುರಿದ್ರೆ ಅಂತಾರೆ.

ಮೂರ್ನೇದು ಚೆನ್ನಾಗಿರೋದು. ಬೇಲೂರು ಬಸ್ಸಲ್ಲಿ ಒಂದ್ಸಲ ಪಕ್ಕದ ಸೀಟಿನ ಹೆಂಗಸು ಸುಮಾರು ದೂರ ಸುಮ್ನೆ ಕೂತಿದ್ದೋಳು ಮೆಲ್ಲಗೆ ನನ್ನ ಸೆರಗಿನ ತುದಿ ಬೆರಳಲ್ಲಿ ಉಜ್ಜಿ ನೋಡಿದ್ಲು, ಕೇಳಲೂ ಇಲ್ಲ. ಆಮೇಲೆ, "ಈಗಿಂದಲ್ಲ ಅಲ್ವಾ ಅಕ್ಕ? ನಮ್ಮವ್ವಂದು ಇಂಥದ್ದೇ ಇತ್ತು, ಪಾತ್ರೆಯೋಳಿಗೆ ಹಾಕಿ ಒಂದು ಕೊಳಗ ತಗೊಂಡ್ವಿ" ಅಂದ್ಲು. ಕೊಳಗ ಇನ್ನೂ ಇದೆಯಾ ಅಂದೆ. ಇದೆ, ಬಚ್ಚಲಲ್ಲಿದೆ ಅಂದ್ಲು, ಇಬ್ರೂ ನಕ್ವಿ. ಹಳೇ ಬಟ್ಟೆ ಹಾಕಿದ್ರೆ ಗೊತ್ತಿಲ್ದೋರೂ ಬಂದು ಮಾತಾಡಿಸ್ತಾರೆ, ಮುಟ್ಟಿ ನೋಡ್ತಾರೆ, ಮುಟ್ಟೋದು ಇಷ್ಟ ಇಲ್ದೋರು ಸೆರಗು ಮುಂದಕ್ಕೆ ಎಳ್ಕೊಂಡು ಕೂತ್ಕೊಳ್ಳಿ ಅಷ್ಟೇ.

ಇನ್ನೊಂದಿದೆ, ಅದನ್ನ ಹಗುರ ತಗೋಬೇಡಿ. ತೀರಿಹೋದೋರ ಬಟ್ಟೆ. ಕೆಲವು ಮನೇಲಿ ಅದನ್ನ ಉಡಬಾರದು ಅಂತಾರೆ, ದಾನ ಕೊಟ್ಬಿಡ್ತಾರೆ, ಕೆಲವು ಮನೇಲಿ ಹೆಣ್ಮಕ್ಕಳು ನಾ ಮುಂದು ತಾ ಮುಂದು ಅಂತ ಹಂಚ್ಕೊಳ್ತಾರೆ. ನಿಮ್ಮ ಮನೆ ಪದ್ಧತಿ ಏನು ಅಂತ ಹಿರಿಯರನ್ನ ಕೇಳಿ, ಅವರು ಬೇಡ ಅಂದ್ರೆ ವಾದ ಮಾಡ್ಬೇಡಿ, ಬಟ್ಟೆ ಎಲ್ಲೂ ಹೋಗಲ್ಲ. ಸರಿ ಅಂದ್ರೆ ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಮುಟ್ಟಿಸಿ ಉಟ್ಕೊಳ್ಳಿ. ಅಜ್ಜಿ ಸೀರೆ ಉಟ್ಕೊಂಡು ದೊಡ್ಡಮ್ಮನ ಮನೆಗೋ ಚಿಕ್ಕಪ್ಪನ ಮನೆಗೋ ಹೋಗೋದಾದ್ರೆ ಮಾತ್ರ ಮೊದ್ಲೇ ಫೋನ್ ಮಾಡಿ ಹೇಳಿ, ಬಾಗಿಲು ತೆಗೆದ ತಕ್ಷಣ ತಮ್ಮ ಅಮ್ಮನ ಸೀರೆ ಎದುರು ನಿಂತಿದ್ರೆ ಅವರಿಗೆ ಹೆಂಗಾಗುತ್ತೆ ಯೋಚನೆ ಮಾಡಿ. ಹೇಳಿ ಹೋದ್ರೆ ಕಾಯ್ಕೊಂಡು ಕೂತಿರ್ತಾರೆ, ಆ ಸೀರೆ ಯಾವ ಮದುವೆಗೆ ತಂದಿದ್ದು, ಯಾರು ಕೊಡಿಸಿದ್ದು, ಯಾರು ಅದಕ್ಕೆ ಜಗಳ ಆಡಿದ್ದು, ಎಲ್ಲ ಹೊರಗೆ ಬರುತ್ತೆ.

ಹಾಸನಾಂಬೆ ದರ್ಶನಕ್ಕೆ ಹಳೇ ರೇಷ್ಮೆ ಬೇಡ. ವರ್ಷಕ್ಕೊಂದ್ಸಲ ದೀಪಾವಳಿ ಹೊತ್ತಿಗೆ ಬಾಗಿಲು ತೆಗೆಯೋದು, ಕ್ಯೂನಲ್ಲಿ ಗಂಟೆಗಟ್ಟಲೆ ನೂಕಾಟ, ಹಿಂದಿನೋರು ಸೆರಗು ತುಳೀತಾರೆ, ಬೆವರು ಬೇರೆ. ವಾಯಿಲ್ ಸೀರೆ ಉಟ್ಕೊಂಡು ಹೋಗಿ, ತಾಯಿ ಬೇಜಾರ್ ಮಾಡ್ಕೊಳಲ್ಲ.

ಗಂಡುಡುಗರು ತಾತನ ಕೋಟು ಕೇಳ್ತಾರೆ, ನಮ್ಮ ಕಡೆ ಡಿಸೆಂಬರ್ ಚಳಿಗೆ ಒಳ್ಳೇದೇ. ಭುಜ ಸರಿ ಇದ್ರೆ ಮಾತ್ರ ತಗೊಳ್ಳಿ, ಸೊಂಟ ತೋಳು ಟೈಲರ್ ಸರಿ ಮಾಡ್ತಾನೆ, ಭುಜ ಮಾಡೋಕೆ ಹೋದ್ರೆ ಕೋಟು ಹೊಸದಾಗೇ ಹೊಲಿದಂಗೆ. ಉಣ್ಣೆಗೆ ನುಸಿ ಬೀಳುತ್ತೆ, ಕಾಲರ್ ಕೆಳಗೆ, ಜೇಬಿನ ಒಳಗೆ ನೋಡಿ.

ವಾಪಸ್ ಎತ್ತಿಡೋದು. ಬಿಚ್ಚಿದ ತಕ್ಷಣ ಮಡಚಬೇಡಿ, ರಾತ್ರಿಯೆಲ್ಲ ಗಾಳಿಗಿರ್ಲಿ. ಹತ್ತಿ ಸೀರೆನ ಗಂಜಿ ಸಮೇತ ಎತ್ತಿಟ್ರೆ ಬೆಳ್ಳಿಹುಳಕ್ಕೆ ಊಟ ಇಟ್ಟಂಗೆ, ತೊಳೆದು ಗಂಜಿ ತೆಗೆದೇ ಇಡಿ, ಉಡೋ ಹಿಂದಿನ ದಿನ ಗಂಜಿ ಹಾಕ್ಕೊಂಡ್ರಾಯ್ತು. ಪ್ಲಾಸ್ಟಿಕ್ ಕವರ್ ಬೇಡ, ಹಳೇ ಮೆತ್ತನೆ ಪಂಚೆಲಿ ಸುತ್ತಿ. ನುಸಿಗುಳಿಗೆ ಇಡೋರು ಬಟ್ಟೇಲಿ ಕಟ್ಟಿ ಮೂಲೇಲಿಡಿ, ಜರಿಗೆ ತಾಗಬಾರದು, ಮತ್ತೆ ಮನೇಲಿ ಹಸುಗೂಸು ಇದ್ರೆ ಅದರ ತಂಟೆಗೇ ಹೋಗ್ಬೇಡಿ, ಆ ವಾಸನೆ ಹಿಡಿದ ಬಟ್ಟೇಲಿ ಸುತ್ತಿದ ಕೆಲವು ಮಕ್ಕಳಿಗೆ ರಕ್ತದ ಕಣ ಒಡೆದು ಕಾಮಾಲೆ ಬರೋದುಂಟು. ಜರಿ ಸೀರೆಗೆ ರಬ್ಬರ್ ಬ್ಯಾಂಡ್ ಹಾಕಿಟ್ರೆ ಬೆಳ್ಳಿ ಕಪ್ಪಾಗುತ್ತೆ. ಮೂರು ನಾಲ್ಕು ತಿಂಗಳಿಗೊಂದ್ಸಲ ಮಡಿಕೆ ಬದಲಾಯಿಸಿ, ಉದ್ದಕ್ಕೆ ಮಡಚಿದ್ದನ್ನ ಈ ಸಲ ಮೂರು ಮಡಿಕೆ ಮಾಡಿ, ಹಳೇ ಗೆರೆ ಮೇಲೆ ಮತ್ತೆ ಗೆರೆ ಬೀಳಬಾರದು.

ಬೀದೀಲಿ "ಹಳೇ ಜರಿ ಸೀರೆ ಕೊಳ್ತೀವಿ" ಅಂತ ಕೂಗ್ಕೊಂಡು ಬರೋರಿಗೆ ಕೊಡೋ ಮುಂಚೆ ಅಂಚಿನ ತುದಿಯಿಂದ ಒಂದು ಜರಿ ಎಳೆ ತೆಗೆದು ಉಗುರಲ್ಲಿ ಕೆರೆದು ನೋಡಿ. ಅಸಲಿ ಜರಿಗೆ ಒಳಗೆ ರೇಷ್ಮೆ ಎಳೆ, ಅದರ ಸುತ್ತ ಬೆಳ್ಳಿ, ಮೇಲೆ ಚಿನ್ನದ ನೀರು. ಅವರು ಕೊಳ್ಳೋದು ಸೀರೆನಲ್ಲ, ಅದನ್ನ ಸುಟ್ಟು ಬೆಳ್ಳಿ ತೆಗೆಯೋಕೆ. ಚಿಂದಿ ಆಗಿದ್ರೆ ಕೊಡಿ, ಅದೂ ಬೆಳ್ಳಿ ಅಂಗಡೀಲಿ ಒಂದ್ಸಲ ರೇಟು ಕೇಳ್ಕೊಂಡು ಬಂದು.