ಗೇಮ್ ಆಡುವ ಹುಡುಗರನ್ನು ಕೆರೆ ದಂಡೆಗೆ ಕರೆತರುವುದು ಹೇಗೆ

ಗೇಮ್ ಆಡುವವರಿಗೆ ಪರಿಸರದ ಗೊಡವೆ ಇಲ್ಲ ಅನ್ನೋ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಕಳೆದ ವರ್ಷ ದಾವಣಗೆರೆಯ ಒಂದು ಗೇಮಿಂಗ್ ಸೆಂಟರಿನಲ್ಲಿ ಹವಾಮಾನ ಬದಲಾವಣೆ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಎರಡನೇ ನಿಮಿಷಕ್ಕೇ ಎಲ್ಲರ ಹೆಡ್‌ಫೋನ್ ಕಿವಿಗೇರಿದವು. ಆದರೆ ಅವರಲ್ಲೇ ಒಬ್ಬ ಮೈನ್‌ಕ್ರಾಫ್ಟ್ ಅನ್ನೋ ಗೇಮಿನಲ್ಲಿ ಮರ ಕಡಿದವನು, ಉದುರಿದ ಸಸಿಯನ್ನು ಅದೇ ಜಾಗದಲ್ಲಿ ನೆಡುತ್ತಿದ್ದ. ಯಾಕಪ್ಪಾ ಅಂತ ಕೇಳಿದರೆ, "ಇಲ್ಲಾಂದ್ರೆ ನಾಳೆ ಕಟ್ಟಿಗೆ ಎಲ್ಲಿಂದ ಬರ್ತದೆ ಸರ್?" ಅಂದ.

ಹಾಗಾಗಿ ಭಾಷಣ ಬೇಡ, ಕೇಳಿ. ಗೇಮಿನಲ್ಲಿ ನೀರು ಹೇಗೆ ಉಳಿಸ್ತೀರಿ, ಕಾಡು ಖಾಲಿಯಾದರೆ ಏನು ಮಾಡ್ತೀರಿ ಅಂತ. ಇದ್ದಷ್ಟರಲ್ಲೇ ತೂಗಿಸುವ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ಗೇಮಿನಲ್ಲಿ ಮಾಡಿದ ಕೆಲಸ ಆಗಲೇ ಕಣ್ಣಿಗೆ ಕಾಣುತ್ತದೆ, ಹೊರಗೆ ನೆಟ್ಟ ಸಸಿ ಆರು ತಿಂಗಳಾದರೂ ಹಾಗೇ ನಿಂತಿರುತ್ತದೆ. ತೊಡಕು ಇರುವುದು ಅಲ್ಲೇ ಅಂತ ನನಗನ್ನಿಸುತ್ತದೆ.

ಒಂದು ಸಂಜೆ ಒಟ್ಟಿಗೆ ಕೂತು 2023ರಲ್ಲಿ ಬಂದ ಟೆರ್ರಾ ನಿಲ್ ಆಡಿ. ಬರಡು ನೆಲದಲ್ಲಿ ಬಂಡೆ ಮೇಲೆ ಗಾಳಿಯಂತ್ರ ನಿಲ್ಲಿಸಿ, ಮಣ್ಣು ಶುದ್ಧ ಮಾಡಿ, ಹುಲ್ಲು ಬೆಳೆಸಿ, ಕೊನೆಗೆ ತಾವು ಕಟ್ಟಿದ್ದನ್ನೆಲ್ಲ ಬಿಚ್ಚಿಕೊಂಡು ಆ ಜಾಗ ಬಿಟ್ಟು ಹೋಗಬೇಕು. ಮುಂದಿನ ಭಾನುವಾರ ಚಿತ್ರದುರ್ಗಕ್ಕೆ ಕರೆದೊಯ್ಯಿರಿ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ನಿಜವಾದ ಗಾಳಿಯಂತ್ರಗಳಿವೆ. ಅಲ್ಲಿರುವುದು ವನ್ಯಧಾಮ, ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಒಳಗೆ ಹೋಗಿ. ವಾಪಸ್ ಬರುವಾಗ ಕೋಟೆಯನ್ನೂ ತೋರಿಸಿ. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಗಿನ ಹೊಂಡಗಳಿಗೆ ಇಳಿಯುವ ಹಾಗೆ ಪಾಳೇಗಾರರ ಕಾಲದಲ್ಲಿ ಮಾಡಿಟ್ಟಿದ್ದಾರೆ. ನಮ್ಮ ಹುಡುಗರು ಅದನ್ನು ಒಂದು ಲೆವೆಲ್ ನೋಡಿದ ಹಾಗೆ ನೋಡಿದರು, ಮಳೆ ಬಂದಾಗ ಮತ್ತೆ ಬರೋಣ ಅಂತ ಅವರೇ ಹೇಳಿದರು.

ಆಮೇಲೆ ಒಂದು ಸಣ್ಣ ಮ್ಯಾಪ್ ಗೊತ್ತು ಮಾಡಿ. ಇಡೀ ಜಿಲ್ಲೆ ಬೇಡ. ದಾವಣಗೆರೆಯ ಕುಂದುವಾಡ ಕೆರೆ ದಂಡೆಯ ನೂರು ಮೀಟರ್ ಸಾಕು. ನಾಲ್ಕು ಜನರ ಸ್ಕ್ವಾಡ್, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ದಯವಿಟ್ಟು ಫೋನ್ ಕಿತ್ತುಕೊಳ್ಳಬೇಡಿ, ಇಲ್ಲಿ ಅದೇ ಸಲಕರಣೆ. ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಗಿಡ, ಹುಳ, ಹಕ್ಕಿಯ ಫೋಟೋ ಹಾಕಿದರೆ ಬೇರೆಯವರು ನೋಡಿ ಹೆಸರು ಖಚಿತ ಮಾಡುತ್ತಾರೆ. ಹೀಗೆ ಒಪ್ಪಿಗೆಯಾದ ದಾಖಲೆಯನ್ನು ಸಂಶೋಧಕರೂ ಬಳಸುತ್ತಾರೆ. ಹಕ್ಕಿ ಲೆಕ್ಕಕ್ಕೆ ಇಬರ್ಡ್ ಆ್ಯಪ್ ಇದೆ, ಹದಿನೈದು ನಿಮಿಷ ನಿಂತು ಎಣಿಸಿದರೆ ಒಂದು ಪಟ್ಟಿ ಆಯ್ತು. ಜಗಳೂರು ಕಡೆಯವರಿಗೆ ರಂಗಯ್ಯನದುರ್ಗದ ಕೊಂಡುಕುರಿ ಬಗ್ಗೆ ಹೇಳಿ, ನಾಲ್ಕು ಕೊಂಬಿನ ಆ ಪ್ರಾಣಿ ಅಲ್ಲಿದೆ ಅಂತ ಗೊತ್ತಾದರೆ ಕಣ್ಣರಳಿಸುತ್ತಾರೆ.

ಯಾರಾದರೂ ಒಬ್ಬ ಕೇಳಿಯೇ ಕೇಳುತ್ತಾನೆ: ನಮಗೆ ಹೇಳ್ತೀರಲ್ಲ, ಗೇಮ್ ಕಂಪನಿಗಳು ಏನು ಮಾಡ್ತಿವೆ? ನ್ಯಾಯವಾದ ಪ್ರಶ್ನೆ. 2019ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ಬೆಂಬಲದಿಂದ ಪ್ಲೇಯಿಂಗ್ ಫಾರ್ ದಿ ಪ್ಲಾನೆಟ್ ಅನ್ನೋ ಒಕ್ಕೂಟ ಶುರುವಾಯ್ತು, ಕಂಪನಿಗಳು ಇಂಗಾಲ ಕಡಿಮೆ ಮಾಡುವ, ಗೇಮಿನೊಳಗೆ ಪರಿಸರದ ವಿಷಯ ತರುವ ಮಾತು ಕೊಟ್ಟವು. ಕೊಟ್ಟ ಮಾತು ನಡೆಸುತ್ತಿದ್ದಾರಾ ಅಂತ ಆಡುವವರೇ ಕೇಳಬೇಕು, ರಿವ್ಯೂನಲ್ಲಿ ಬರೆಯಬೇಕು.

ಕರೆಂಟಿನ ಲೆಕ್ಕ ಮುಚ್ಚಿಡಬೇಡಿ. 400 ವ್ಯಾಟ್ ಎಳೆಯುವ ಗೇಮಿಂಗ್ ಪಿಸಿ ಐದು ಗಂಟೆ ಓಡಿದರೆ ಎರಡು ಯೂನಿಟ್. ಫ್ರೇಮ್ ರೇಟ್‌ಗೆ, ಅಂದರೆ ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆಗೆ, ಮಿತಿ ಹಾಕಿದರೆ ಅದು ಇಳಿಯುತ್ತದೆ, ಆಟವೂ ಕೆಡುವುದಿಲ್ಲ. ಫೋನಿನಲ್ಲಿ ಆಡುವವರಿಗೆ ಕರೆಂಟ್ ದೊಡ್ಡ ವಿಷಯವಲ್ಲ. ಫೋನಿನಿಂದಾಗಿ ಗಾಳಿಗೆ ಸೇರುವ ಇಂಗಾಲದಲ್ಲಿ ಹೆಚ್ಚಿನ ಪಾಲು ತಯಾರಿಕೆಯಲ್ಲೇ ಆಗಿಹೋಗಿರುತ್ತದೆ. ಹಾಗಾಗಿ ಹೊಸ ಫೋನ್ ಬದಲು ಬ್ಯಾಟರಿ ಹಾಕಿಸಿ ಇನ್ನೆರಡು ವರ್ಷ ಓಡಿಸಲಿ.

ಸಸಿ ನೆಡುವುದಾದರೆ ಮುಂಗಾರು ಹಿಡಿದ ಮೇಲೆ ಹೊಂಗೆ, ಬೇವು ನೆಡಿ. ಐದೇ ಸಾಕು. ಪ್ರತಿ ತಿಂಗಳು ಒಂದೇ ಜಾಗದಲ್ಲಿ ನಿಂತು ಅದೇ ಗಿಡದ ಫೋಟೋ ತೆಗೆದು ಗ್ರೂಪಿಗೆ ಹಾಕಲಿ, ಕಾಣದ ಬೆಳವಣಿಗೆ ಕಾಣುವುದು ಹೀಗೆ. ಫೆಬ್ರವರಿಯಿಂದ ಮೇ ತನಕ ನೀರು ಹಾಕುವ ಪಾಳಿಯನ್ನು ನೆಡುವ ದಿನವೇ ಬರೆದಿಡಿ, ಪರೀಕ್ಷೆ ಇರುವವರ ಹೆಸರು ಬಿಟ್ಟು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಆಮೇಲೆ ಬೆಣ್ಣೆ ದೋಸೆ ಕೊಡಿಸಿ, ಅಲ್ಲೇ ಕೂತು ಒಂದು ಮ್ಯಾಚ್ ಆಡಲಿ ಬಿಡಿ.